ಲ್ಯಾಮಿನೇಷನ್ ಹಾಕಿಸಿದ ಸೇವೆ



ಫಲಿತಾಂಶದ ತಿಂಗಳುಗಳು ಬಂದವೆಂದರೆ ನಿವೃತ್ತ ಮೇಷ್ಟರುಗಳ ಬೆಲೆ ಸ್ವಲ್ಪ ಏರುತ್ತದೆ. ವರ್ಷವೆಲ್ಲ ಮರೆತಿದ್ದವರು ಆಗ ನೆನಪು ಮಾಡಿಕೊಳ್ಳುತ್ತಾರೆ. ಶಿಫಾರಸು ಪತ್ರ ಬೇಕು, ನಡತೆಯ ಪ್ರಮಾಣಪತ್ರ ಬೇಕು, ಅರ್ಜಿಯ ಭಾಷೆಯನ್ನು ಒಮ್ಮೆ ನೋಡಿ ತಿದ್ದಿಕೊಡಬೇಕು. ಇದರಿಂದ ನನಗೆ ಬೇಸರವಿಲ್ಲ, ಒಳಗೊಳಗೆ ಸಂತೋಷವೇ ಆಗುತ್ತದೆ. ಆದರೆ ಈಚಿನ ವರ್ಷಗಳಲ್ಲಿ ಈ ಬೇಡಿಕೆಗಳ ಸಾಲಿಗೆ ಹೊಸದೊಂದು ಸೇರಿಕೊಂಡಿದೆ. "ಸಾರ್, ಹುಡುಗ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುತ್ತಿದ್ದಾನೆ. ಸೋಷಿಯಲ್ ಸರ್ವಿಸ್ ಮಾಡಿದ್ದಾನೆ ಅಂತ ತಾವೊಂದು ಲೆಟರ್ ಕೊಟ್ಟುಬಿಡಿ. ನೂರು ಗಂಟೆ ಅಂತ ಹಾಕಿದರೆ ಸಾಕು."

ಹುಡುಗ ಏನು ಸೇವೆ ಮಾಡಿದ ಎಂದು ಕೇಳಿದರೆ ಆ ಕಡೆಯಿಂದ ಒಂದು ಕ್ಷಣ ಮೌನ. ಆಮೇಲೆ, "ಏನಾದರೂ ಹಾಕಿ ಸಾರ್, ನಿಮಗೆ ಗೊತ್ತಿಲ್ಲವೇ" ಎಂಬ ಉತ್ತರ. ಗಂಟೆಗಳ ಸಂಖ್ಯೆ ಮೊದಲೇ ನಿಶ್ಚಯವಾಗಿದೆ, ಮಾಡಿದ ಕೆಲಸವನ್ನು ಮಾತ್ರ ನಾನು ಹುಡುಕಿಕೊಡಬೇಕು!

ಈ ಬಗ್ಗೆ ಒಮ್ಮೆ ಕೂಲಂಕಷವಾಗಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ವಿದ್ಯಾರ್ಥಿವೇತನದ ಅರ್ಜಿಗೆ ಸ್ವಯಂಸೇವೆಯಿಂದ ಬಲ ಬರುತ್ತದೆಯೇ? ಖಂಡಿತವಾಗಿ ಬರುತ್ತದೆ. ಆದರೆ ಆ ಬಲ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯದೆ ನಮ್ಮವರು ಪ್ರಮಾಣಪತ್ರದ ಬೆನ್ನು ಹತ್ತಿದ್ದಾರೆ. ಈ ಓಟದಲ್ಲಿ ನಿಜವಾಗಿ ಸೇವೆ ಮಾಡಿದ ಬಡ ಮಕ್ಕಳು ಹಿಂದೆ ಬೀಳುತ್ತಿದ್ದಾರೆ. ನನ್ನ ತಕರಾರು ಇರುವುದು ಅಲ್ಲಿ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಪಕ್ಕಕ್ಕಿಡೋಣ. ನಮ್ಮ ಮಕ್ಕಳಲ್ಲಿ ಬಹುಪಾಲು ಜನ ಅರ್ಜಿ ಹಾಕುವ ಸರ್ಕಾರಿ ವಿದ್ಯಾರ್ಥಿವೇತನಗಳಲ್ಲಿ ಸಮಾಜಸೇವೆಗೆ ಒಂದು ಅಂಕವೂ ಇಲ್ಲ. 2008ರಲ್ಲಿ ಆರಂಭವಾದ ಎನ್.ಎಂ.ಎಂ.ಎಸ್. ಯೋಜನೆಯನ್ನೇ ನೋಡಿ. ಎಂಟನೆಯ ತರಗತಿಯಲ್ಲಿ ಒಂದು ಪರೀಕ್ಷೆ, ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಬಾರದೆಂಬ ನಿಬಂಧನೆ, ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಅಲ್ಲಿ ನೀವು ಹತ್ತು ಸಸಿ ನೆಟ್ಟ ಭಾವಚಿತ್ರವನ್ನು ಯಾರೂ ಕೇಳುವುದಿಲ್ಲ. ರಾಜ್ಯದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೂ ಜಾತಿ, ಆದಾಯ, ವ್ಯಾಸಂಗದ ದಾಖಲೆಗಳೇ ಆಧಾರ. ಆದ್ದರಿಂದ ಎಂಟನೆಯ ತರಗತಿಯ ಮಗುವಿನ ತಂದೆ ಸೇವೆಯ ಪ್ರಮಾಣಪತ್ರಕ್ಕಾಗಿ ಅಲೆಯುತ್ತಿದ್ದರೆ, ದಯವಿಟ್ಟು ಆ ಸಮಯವನ್ನು ಮಗುವಿನ ಗಣಿತಕ್ಕೆ ಕೊಡಿ.

ಸೇವೆಯನ್ನು ಕೇಳುವವರು ಬೇರೆ. ಸಂದರ್ಶನ ನಡೆಸುವ ಖಾಸಗಿ ದತ್ತಿ ಸಂಸ್ಥೆಗಳು, ಸಮುದಾಯದ ವಿದ್ಯಾನಿಧಿಗಳು, ಮುಖ್ಯವಾಗಿ ವಿದೇಶದ ವಿಶ್ವವಿದ್ಯಾಲಯಗಳು ಮತ್ತು ಅಲ್ಲಿನ ವಿದ್ಯಾರ್ಥಿವೇತನಗಳು. ಇದು ನಿನ್ನೆ ಮೊನ್ನೆಯ ಪದ್ಧತಿಯಲ್ಲ. 1902ರಲ್ಲಿ ತೀರಿಕೊಂಡ ಸಿಸಿಲ್ ರೋಡ್ಸ್ ತನ್ನ ಉಯಿಲಿನಲ್ಲಿ, ಆಕ್ಸ್‌ಫರ್ಡಿಗೆ ಆರಿಸುವ ತರುಣರಲ್ಲಿ ಪಾಂಡಿತ್ಯವೊಂದೇ ಸಾಲದು, ಸತ್ಯ, ಧೈರ್ಯ, ಕರ್ತವ್ಯಪರತೆ, ದುರ್ಬಲರ ಬಗ್ಗೆ ಅನುಕಂಪ, ಅವರ ರಕ್ಷಣೆ ಇವೂ ಇರಬೇಕೆಂದು ಬರೆಸಿದ. (ದಕ್ಷಿಣ ಆಫ್ರಿಕದ ವಜ್ರದ ಗಣಿಗಳಲ್ಲಿ ಹಣ ಮಾಡಿದ ಸಾಮ್ರಾಜ್ಯಶಾಹಿ ದುರ್ಬಲರ ರಕ್ಷಣೆಯ ಮಾತಾಡುವುದು ವಿಚಿತ್ರವೇ. ಇರಲಿ, ದುಡ್ಡು ಅವನದು, ಷರತ್ತು ಒಳ್ಳೆಯದು.) ಧಾರವಾಡದಲ್ಲಿ ಓದಿದ ನಮ್ಮ ಗಿರೀಶ ಕಾರ್ನಾಡರು 1960ರಲ್ಲಿ ಆಕ್ಸ್‌ಫರ್ಡಿಗೆ ಹೋದದ್ದು ಇದೇ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ, ಅಂದರೆ 2,800 ಗಂಟೆಗಳ ಕೆಲಸದ ಅನುಭವ ಬೇಕು. ಸಂಬಳವಿಲ್ಲದ ಸ್ವಯಂಸೇವೆಯ ಗಂಟೆಗಳನ್ನೂ ಅದರಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ. ಅಮೆರಿಕದ ಕಾಲೇಜುಗಳಿಗೆ ಸೇರಲು ಬಳಸುವ ಕಾಮನ್ ಅಪ್ಲಿಕೇಶನ್ ಎಂಬ ನಮೂನೆಯಲ್ಲಿ ಪಾಠದ ಹೊರಗಿನ ಚಟುವಟಿಕೆಗಳಿಗೆಂದೇ ಒಂದು ಭಾಗವಿದೆ. ಹೀಗಾಗಿ ಸೇವೆಗೆ ಬೆಲೆಯಿದೆ. ಬೆಲೆ ಇರುವಲ್ಲಿ ನಕಲಿ ಸರಕೂ ಬರುತ್ತದೆ.

ಸುಮಾರು 2006ರ ಮಾತು. ಹತ್ತನೆಯ ತರಗತಿ ಮುಗಿಸಿ ಪಿಯುಸಿ ಸೇರುವ ಮಕ್ಕಳಿಗೆ ನೆರವು ನೀಡುವ ಒಂದು ದತ್ತಿ ಸಂಸ್ಥೆಯ ಆಯ್ಕೆ ಸಮಿತಿಯಲ್ಲಿ ನಾನೂ ಒಬ್ಬನಾಗಿದ್ದೆ. ಸಂಸ್ಥೆಯ ಹೆಸರು ಬೇಡ. ಅವರ ನಿಯಮದಂತೆ ಸಮಾಜಸೇವೆಗೆ ಹತ್ತು ಅಂಕ, ಒಂದು ಪ್ರಮಾಣಪತ್ರಕ್ಕೆ ಒಂದು ಅಂಕ. ಲೆಕ್ಕ ಸುಲಭವಾಗಲೆಂದು ಯಾರೋ ಮಾಡಿದ್ದ ಏರ್ಪಾಡು. ಪಟ್ಟಣದ ಒಬ್ಬ ಹುಡುಗ ಹದಿನಾಲ್ಕು ಪ್ರಮಾಣಪತ್ರಗಳನ್ನು ಲ್ಯಾಮಿನೇಷನ್ ಮಾಡಿಸಿ ದಪ್ಪ ಕಡತದಲ್ಲಿ ಜೋಡಿಸಿಕೊಂಡು ಬಂದಿದ್ದ. ವೃದ್ಧಾಶ್ರಮ ಭೇಟಿ, ಸಸಿ ನೆಡುವಿಕೆ, ಪಲ್ಸ್ ಪೋಲಿಯೊ ಜಾಥಾ, ಸ್ವಚ್ಛತಾ ಸಪ್ತಾಹ, ಹೀಗೆ ಒಂದೊಂದಕ್ಕೂ ಒಂದೊಂದು. ಹುಡುಗ ಜಾಣ, ವಿನಯವಂತ. ಅವನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. "ವೃದ್ಧಾಶ್ರಮದಲ್ಲಿ ಯಾರ ಜೊತೆ ಮಾತಾಡಿದೆಯಪ್ಪ, ಅವರ ಹೆಸರೇನು?" ಎಂದು ಕೇಳಿದೆ. ಅವನು ತಲೆ ತಗ್ಗಿಸಿ, "ಹೆಸರು ಕೇಳಲಿಲ್ಲ ಸಾರ್, ಹಣ್ಣು ಕೊಟ್ಟು ಫೋಟೊ ತೆಗೆಸಿಕೊಂಡು ಬಂದೆವು" ಎಂದ. ಅಷ್ಟು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಅವನಿಗೆ ಒಂದು ಅಂಕ ಕೊಡಬೇಕೆನ್ನಿಸಿತು. ಆದರೆ ಅದಕ್ಕೆ ನಿಯಮದಲ್ಲಿ ಅವಕಾಶವಿರಲಿಲ್ಲ!

ಅದೇ ದಿನ ನಮ್ಮ ಶಾಲೆಯದೇ ಒಬ್ಬ ಹುಡುಗಿಯ ಅರ್ಜಿಯೂ ಮುಂದೆ ಬಂತು. "ನೀವು ಮಾಡಿದ ಸಮಾಜಸೇವೆಯ ವಿವರ" ಎಂಬಲ್ಲಿ ಆಕೆ ದುಂಡಗಿನ ಅಕ್ಷರದಲ್ಲಿ "ಇಲ್ಲ" ಎಂದು ಬರೆದಿದ್ದಳು. ಈ ಹುಡುಗಿಯ ತಂದೆ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದರು. ತಾಯಿ ಕೂಲಿಗೆ ಹೋಗುವಾಗ ತಂದೆಯ ಆರೈಕೆ ಇವಳದೇ. ಸಂಜೆ ದೀಪ ಹಚ್ಚಿದ ಮೇಲೆ ಊರ ಮಾರಮ್ಮನ ಗುಡಿಯ ಜಗಲಿಯಲ್ಲಿ ತನ್ನ ತಮ್ಮನ ಜೊತೆಗೆ ಕೇರಿಯ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದಳು. ಮೂರು ವರ್ಷ ಬಿಡದೆ ನಡೆದ ಕೆಲಸ ಅದು. ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಯಾರು ಯಾವ ದಿನ ಬಂದರು, ಯಾರಿಗೆ ಎಷ್ಟರವರೆಗೆ ಮಗ್ಗಿ ಬಂತು ಎಂದು ಗುರುತು ಹಾಕಿಡುತ್ತಿದ್ದಳು. ಆ ಪುಸ್ತಕವನ್ನು ನಾನು ಕಣ್ಣಾರೆ ಕಂಡಿದ್ದೆ. ಸಂದರ್ಶನದಲ್ಲಿ "ಇದನ್ನೇಕೆ ಬರೆಯಲಿಲ್ಲವಮ್ಮ?" ಎಂದು ಕೇಳಿದರೆ ಆ ಮಗು ಆಶ್ಚರ್ಯದಿಂದ, "ಅದು ಮನೆ ಕೆಲಸ ಅಲ್ವಾ ಸಾರ್" ಎಂದಿತು.

ಪ್ರಮಾಣಪತ್ರವಿಲ್ಲದ ಕಾರಣ ಸೇವೆಯ ಅಂಕ ಸೊನ್ನೆ. ಒಟ್ಟು ಮೂರು ಅಂಕಗಳಿಂದ ಆಯ್ಕೆ ತಪ್ಪಿತು. ನಾನು ನನ್ನ ಭಿನ್ನಾಭಿಪ್ರಾಯವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡಿ ಬಂದೆ. ಮರುವರ್ಷ ಸಮಿತಿಗೆ ನನ್ನನ್ನು ಕರೆಯಲಿಲ್ಲ. ವಿಜ್ಞಾನ ಓದಬೇಕೆಂದಿದ್ದ ಹುಡುಗಿ ಪಟ್ಟಣದಲ್ಲಿ ಉಳಿಯುವ ಖರ್ಚಿಗೆ ದಾರಿಯಿಲ್ಲದೆ ಹತ್ತಿರದ ಕಾಲೇಜಿನ ಕಲಾ ವಿಭಾಗಕ್ಕೆ ಸೇರಿದಳು. ಈಗ ಪ್ರಾಥಮಿಕ ಶಾಲೆಯ ಶಿಕ್ಷಕಿ. ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. "ಹೆಸರು ಮಾತ್ರ ಬೇಡ ಸಾರ್" ಎಂದಳು.

ಆ ಹುಡುಗಿಯದು ಸ್ವಯಂಸೇವೆ ಅಲ್ಲ, ಮನೆಯ ಅನಿವಾರ್ಯತೆ ಎಂದು ಸಮಿತಿಯ ಒಬ್ಬ ಹಿರಿಯರು ಅಂದು ವಾದಿಸಿದ್ದರು. ಈಗಲೂ ಈ ವಾದ ಕೇಳಿಬರುತ್ತದೆ. ತಂದೆಯನ್ನು ನೋಡಿಕೊಂಡದ್ದು ಅನಿವಾರ್ಯತೆ ಎನ್ನೋಣ. ಕೇರಿಯ ಮಕ್ಕಳಿಗೆ ಮಗ್ಗಿ ಹೇಳಿಸಲು ಅವಳನ್ನು ಯಾರು ಬಲವಂತ ಮಾಡಿದ್ದರು? ಇನ್ನು ಅಪ್ಪನ ಕಾರಿನಲ್ಲಿ ವೃದ್ಧಾಶ್ರಮಕ್ಕೆ ಹೋಗಿ ಇಪ್ಪತ್ತು ನಿಮಿಷದಲ್ಲಿ ಮರಳಿದ ಹುಡುಗ ಸ್ವಂತ ಇಚ್ಛೆಯಿಂದ ಹೋಗಿದ್ದನೇ? ಇಬ್ಬರಲ್ಲಿ ಯಾರದು 'ಸ್ವಯಂ', ಯಾರದು 'ಸೇವೆ'? ಅಷ್ಟಕ್ಕೂ ಆಯ್ಕೆ ಸಮಿತಿ ತಿಳಿಯಬೇಕಾದದ್ದು, ಈ ಮಗುವಿಗೆ ಒಂದು ಹೊಣೆ ಒಪ್ಪಿಸಿದರೆ ನಡುವೆ ಬಿಟ್ಟುಹೋಗದೆ ನಿಭಾಯಿಸುತ್ತದೆಯೇ ಎಂಬುದನ್ನು. ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಂಡ ಮಗುವಿಗಿಂತ ದೊಡ್ಡ ಸಾಕ್ಷಿ ಬೇಕೇ?

ಈ ತಿಳಿವಳಿಕೆ ನಮ್ಮ ಸಮಿತಿಗಳಿಗಿಂತ ಮೊದಲು ಅಮೆರಿಕದವರಿಗೆ ಬಂದಿರುವುದು ನನಗೆ ಸೋಜಿಗ. ನಾನು ಮೇಲೆ ಹೇಳಿದ ಕಾಮನ್ ಅಪ್ಲಿಕೇಶನ್ನಿನ ಚಟುವಟಿಕೆಗಳ ಪಟ್ಟಿಯಲ್ಲಿ 'ಕುಟುಂಬದ ಜವಾಬ್ದಾರಿ' ಎಂಬುದೇ ಒಂದು ಪ್ರತ್ಯೇಕ ಬಗೆ. ಸಂಬಳಕ್ಕೆ ಮಾಡಿದ ಕೆಲಸವನ್ನೂ ಅಲ್ಲಿ ತೋರಿಸಬಹುದು. ತಮ್ಮ ತಂಗಿಯರನ್ನು ನೋಡಿಕೊಂಡದ್ದು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದದ್ದು, ಅಂಗಡಿಯಲ್ಲಿ ಅಪ್ಪನಿಗೆ ನೆರವಾದದ್ದು, ಎಲ್ಲವೂ ಸಲ್ಲುತ್ತದೆ. 2016ರ ಜನವರಿಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದಿಂದ 'ಟರ್ನಿಂಗ್ ದ ಟೈಡ್' ಎಂಬ ಒಂದು ವರದಿ ಬಂತು. ಚಟುವಟಿಕೆಗಳ ಉದ್ದನೆಯ ಪಟ್ಟಿಗೆ ಮರುಳಾಗಬೇಡಿ, ಒಂದೇ ಕೆಲಸವನ್ನು ದೀರ್ಘಕಾಲ ಮಾಡಿದ್ದನ್ನು ನೋಡಿ, ಕುಟುಂಬಕ್ಕೆ ಕೊಟ್ಟ ದುಡಿಮೆಯನ್ನೂ ಗೌರವಿಸಿ ಎಂಬುದು ಅದು ಪ್ರವೇಶಾಧಿಕಾರಿಗಳಿಗೆ ಕೊಟ್ಟ ಸಲಹೆಗಳ ಸಾರ. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಬೆಳಿಗ್ಗೆ ಐದರಿಂದ ಮಾಡುವ ದುಡಿಮೆಯನ್ನು ಅಷ್ಟು ದೂರದಲ್ಲಿ ಕುಳಿತವರು ಅಂಕಣ ಕೊಟ್ಟು ಕೇಳುತ್ತಾರೆ. ಪಕ್ಕದ ಬೀದಿಯವರಾದ ನಾವು ಪ್ರಮಾಣಪತ್ರ ಎಲ್ಲಿ ಎನ್ನುತ್ತೇವೆ.

ನಮಗೆ ಸೇವೆಯ ಪರಂಪರೆ ಇಲ್ಲವೆಂದಲ್ಲ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದರು. ಮರುವರ್ಷ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನದಲ್ಲಿ ದುಡಿದ ಸ್ವಯಂಸೇವಕರಿಗೆ ಲ್ಯಾಮಿನೇಷನ್ ಮಾಡಿಸುವಂಥದ್ದೇನೂ ಸಿಕ್ಕಿರಲಾರದು. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಎರಡು ವರ್ಷದಲ್ಲಿ 240 ಗಂಟೆ, ಜೊತೆಗೆ ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ. ಅದರ ಧ್ಯೇಯವಾಕ್ಯ 'ನನಗಲ್ಲ, ನಿನಗೆ'. ಎನ್ನೆಸ್ಸೆಸ್ ಶಿಬಿರದಲ್ಲಿ ಚರಂಡಿ ಎತ್ತಿದ ಕೈಗಳು ಈ ಪುಟದ ಓದುಗರಲ್ಲೂ ಇವೆ ಎಂದು ಬಲ್ಲೆ. ಆದರೆ ಗಂಟೆಯ ಲೆಕ್ಕ ಬಂದಲ್ಲೆಲ್ಲ ಒಂದು ಅಪಾಯವೂ ಬರುತ್ತದೆ. 2018ರ ಪಠ್ಯಕ್ರಮದಿಂದ ನಮ್ಮ ವಿ.ಟಿ.ಯು. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪದವಿಗೆ ಮುನ್ನ 100 ಚಟುವಟಿಕೆ ಅಂಕಗಳನ್ನು ಗಳಿಸಬೇಕೆಂಬ ನಿಯಮ ಬಂತು. ಉದ್ದೇಶ ಘನವಾದದ್ದು. ಆದರೆ ಕೊನೆಯ ಸೆಮಿಸ್ಟರಿನಲ್ಲಿ "ಅಂಕ ಎಲ್ಲಿ ಸಿಗುತ್ತದೆ ತಾತ" ಎಂದು ಕೇಳುವ ಮೊಮ್ಮಕ್ಕಳು ನಮ್ಮ ನೆಂಟರಲ್ಲೇ ಇದ್ದಾರೆ, ಸಿಗುವ ವಸ್ತು ಅಂಗಡಿಯಲ್ಲಿ ಇದೆಯೇನೋ ಎಂಬಂತೆ!

ನಮ್ಮ ಸಮಾಜದಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ಪಕ್ಷವೂ ಇದೆ. ಅವರ ಮೇಲೂ ನನಗೆ ಅಸಮಾಧಾನವಿದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು, ಸೇವೆಯನ್ನು ಅರ್ಜಿಯಲ್ಲಿ ಬರೆದುಕೊಳ್ಳುವುದೇ ಅಪಚಾರ, ನಿಷ್ಕಾಮ ಕರ್ಮಕ್ಕೆ ಕಳಂಕ ಎನ್ನುವವರು ಇವರು. ಕೇಳಲು ಮಾತು ಉದಾತ್ತವಾಗಿದೆ. ಹೊಟ್ಟೆ ತುಂಬಿದವರಿಗೆ ಅದು ಸರಿಯೂ ಹೌದು. ಆದರೆ ಸಂಬಳದ ಚಿಂತೆಯಿಲ್ಲದ ಮನೆಯ ಮಗ ಬರೆದುಕೊಳ್ಳದಿದ್ದರೆ ಅವನು ಕಳೆದುಕೊಳ್ಳುವುದೇನು? ಗುಡಿಯ ಜಗಲಿಯ ಹುಡುಗಿ "ಇಲ್ಲ" ಎಂದು ಬರೆದದ್ದರಿಂದ ಕಳೆದುಕೊಂಡದ್ದು ವಿಜ್ಞಾನದ ಓದು. ಮಾಡಿದ್ದನ್ನು ಮಾಡಿದೆ ಎಂದು ಹೇಳುವುದರಲ್ಲಿ ಅಹಂಕಾರವಿಲ್ಲ. ನ್ಯಾಯಾಲಯದಲ್ಲಿ ಸಾಕ್ಷಿ ನುಡಿದಂತೆ ಅದೂ ಒಂದು ಸತ್ಯಕಥನ. ಅಹಂಕಾರ ಇರುವುದು ವಿಶೇಷಣಗಳಲ್ಲಿ. "ನಾನು ಅಪಾರ ಕಾಳಜಿಯಿಂದ ದೀನದಲಿತರ ಕಣ್ಣೀರೊರೆಸಿದೆ" ಎಂದು ಬರೆಯುವವನು ಎಷ್ಟು ದಿನ, ಎಲ್ಲಿ, ಯಾರ ಕಣ್ಣೀರು ಎಂಬುದನ್ನು ಮಾತ್ರ ಹೇಳುವುದಿಲ್ಲ.

ವಿದೇಶದಲ್ಲಿರುವ ನನ್ನ ಶಿಷ್ಯರೊಬ್ಬರು ಈಚೆಗೆ ವಾದಿಸಿದರು: "ಸಾರ್, ನೀವು ಹೇಳುವುದು ಸರಿ. ಆದರೆ ಇಲ್ಲಿ ಎಲ್ಲರ ಮಕ್ಕಳೂ ಹತ್ತು ಹನ್ನೆರಡು ಚಟುವಟಿಕೆ ತೋರಿಸುತ್ತಾರೆ. ನನ್ನ ಮಗಳು ಒಂದೇ ತೋರಿಸಿದರೆ ಹಿಂದೆ ಬೀಳುತ್ತಾಳೆ." ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಆ ನಮೂನೆಯನ್ನೇ ಗಮನವಿಟ್ಟು ನೋಡಿ. ಹತ್ತಕ್ಕಿಂತ ಹೆಚ್ಚು ಚಟುವಟಿಕೆಗೆ ಅಲ್ಲಿ ಸ್ಥಳವಿಲ್ಲ. ಹತ್ತನ್ನೂ ತುಂಬಲೇಬೇಕೆಂಬ ಕಡ್ಡಾಯವೂ ಇಲ್ಲ. ಒಂದೊಂದರ ವಿವರಣೆಗೆ 150 ಅಕ್ಷರ ಮಾತ್ರ. ಅದರ ಪಕ್ಕದಲ್ಲೇ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ಬರೆಯಬೇಕು. ವಾರಕ್ಕೆ ಎರಡು ಗಂಟೆಯಂತೆ ನಲವತ್ತು ವಾರ ಎಂದರೆ ಎಂಬತ್ತು ಗಂಟೆ. ಒಂದು ದಿನದ ಜಾಥಾ ಎಂದರೆ ಆರು ಗಂಟೆ, ಒಂದು ವಾರ. ಇವೆರಡೂ ಪಕ್ಕಪಕ್ಕದ ಸಾಲಿನಲ್ಲಿ ಕುಳಿತಾಗ ಓದುವವರಿಗೆ ಗಣಿತದ ಮೇಷ್ಟರು ಬೇಕಾಗುವುದಿಲ್ಲ. ಹತ್ತು ಸಾಲಿನಲ್ಲಿಯೂ 'ಒಂದು ವಾರ' ಎಂದಿದ್ದರೆ ಆ ಮಗು ಯಾವುದರಲ್ಲಿಯೂ ನಿಲ್ಲಲಿಲ್ಲ ಎಂದು ಪಟ್ಟಿಯೇ ಸಾರುತ್ತದೆ.

ದುಡ್ಡು ಕೊಟ್ಟು ಅನಾಥಾಲಯಗಳಿಗೆ ಹದಿನೈದು ದಿನದ 'ಸೇವಾ ಪ್ರವಾಸ' ಮಾಡಿಸುವ ವ್ಯಾಪಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಮಕ್ಕಳ ಸ್ಥಿತಿಯನ್ನು ಯೋಚಿಸಿ. ಹೊಸ ಅಕ್ಕ ಬರುತ್ತಾಳೆ, ಎತ್ತಿಕೊಳ್ಳುತ್ತಾಳೆ, ಹಾಡು ಕಲಿಸುತ್ತಾಳೆ, ಮಗು ಹಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ಅಕ್ಕ ವಿಮಾನ ಹತ್ತುತ್ತಾಳೆ. ಮುಂದಿನ ತಿಂಗಳು ಇನ್ನೊಬ್ಬಳು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಮಕ್ಕಳ ಹಕ್ಕುಗಳ ಕುರಿತ ನಿರ್ಣಯದಲ್ಲಿ ಅನಾಥಾಲಯಗಳ ಇಂಥ ಸ್ವಯಂಸೇವಾ ಪ್ರವಾಸದ ಕೆಡುಕನ್ನು ಎತ್ತಿ ಹೇಳಿತು. ಒಬ್ಬರ ಅರ್ಜಿಗೆ ಬಲ ತರಲು ಇನ್ನೊಂದು ಮಗುವಿನ ಮನಸ್ಸನ್ನು ಒಡೆಯುವುದು ಸೇವೆಯಲ್ಲ. ನಮ್ಮ ಬಂಧುಗಳಲ್ಲಿ ಯಾರಾದರೂ ಬೇಸಿಗೆ ರಜೆಗೆ ಇಂಥ ಪ್ರವಾಸದ ಮುಂಗಡ ಕಟ್ಟಿದ್ದರೆ ವಾಪಸು ಪಡೆಯಿರಿ. ಅದೇ ಹಣದಲ್ಲಿ ನಿಮ್ಮ ಊರಿನ ಸರ್ಕಾರಿ ಶಾಲೆಯ ಗ್ರಂಥಾಲಯದ ಪುಸ್ತಕಗಳಿಗೆ ರಟ್ಟು ಹಾಕಿಸಬಹುದು, ಮಗು ತಾನೇ ಕುಳಿತು ಅವುಗಳ ಪಟ್ಟಿ ಮಾಡಬಹುದು.

ಹಾಗಾದರೆ ಮಾಡುವುದೇನು ಎಂದು ಕೇಳುವಿರಿ. ಮೇಷ್ಟರಾದವನು ಬೈದು ಸುಮ್ಮನಾಗಬಾರದಷ್ಟೆ. ಮಗುವಿಗೆ ನಡೆದು ಹೋಗಬಹುದಾದ ದೂರದಲ್ಲಿ ಒಂದು ಕೆಲಸ ಹುಡುಕಲಿ. ಕಣ್ಣು ಮಂಜಾದ ನೆರೆಮನೆಯ ಅಜ್ಜನಿಗೆ ಪತ್ರಿಕೆ ಓದಿ ಹೇಳುವುದೂ ಆಗಬಹುದು, ಕೇರಿಯ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುವುದೂ ಆಗಬಹುದು, ವೃದ್ಧಾಪ್ಯ ವೇತನದ ಅರ್ಜಿ ತುಂಬಲು ಬಾರದವರಿಗೆ ತುಂಬಿಕೊಡುವುದೂ ಆಗಬಹುದು. ಅರ್ಜಿಗೆ ಎರಡು ವರ್ಷ ಮೊದಲೇ ತೊಡಗಲಿ. ಹಾಗೆ ತೊಡಗಿದಾಗ ಅರ್ಜಿಯ ನೆನಪು ತಾನಾಗಿ ಹಿಂದೆ ಸರಿಯುತ್ತದೆ. ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ಎರಡು ಸಾಲು ಬರೆದಿಡಲಿ. ಕೆಲಸ ಕೆಟ್ಟ ದಿನವನ್ನೂ ಬರೆಯಲಿ: ಮಕ್ಕಳು ಬರಲಿಲ್ಲ, ಅಜ್ಜ ಸಿಡುಕಿದರು, ಅರ್ಜಿ ತಿರಸ್ಕೃತವಾಯಿತು. ಸಂದರ್ಶನದಲ್ಲಿ ಎದುರಿಗೆ ಕೂರುವವರು ಹೆಚ್ಚಾಗಿ ಕೇಳುವುದು ಇದನ್ನೇ. "ಕಷ್ಟವಾದದ್ದು ಯಾವುದು, ಆಗ ಏನು ಮಾಡಿದೆ?" ಎಂದು. ಮಾಡಿದವರ ಬಾಯಿಂದ ಉತ್ತರ ಹೊಮ್ಮುತ್ತದೆ; ಕೊಂಡುಕೊಂಡವರು ಗಂಟಲು ಸರಿಪಡಿಸಿಕೊಳ್ಳುತ್ತಾರೆ. ಸಾಕ್ಷಿಪತ್ರವನ್ನು ಕೆಲಸ ಕಣ್ಣಾರೆ ಕಂಡವರಿಂದ ಪಡೆಯಲಿ, ಅವರು ಅಂಗನವಾಡಿ ಕಾರ್ಯಕರ್ತೆಯಾದರೂ ಸರಿ. ಏನನ್ನೂ ಕಾಣದ ಗಣ್ಯರ ಮೊಹರಿಗಿಂತ ಅವರ ನಾಲ್ಕು ಸಾಲು ತೂಕವುಳ್ಳದ್ದು.

ಇನ್ನು ಸೇವೆಯಲ್ಲಿರುವ ನನ್ನ ಶಿಷ್ಯ ಶಿಕ್ಷಕರಿಗೆ ಒಂದು ಕಟು ಮಾತು. ಅರ್ಧ ದಿನ ಶಾಲೆಯ ಅಂಗಳ ಗುಡಿಸಿದ್ದಕ್ಕೆ "ಸಮಾಜಸೇವೆಯಲ್ಲಿ ಸಕ್ರಿಯವಾಗಿ ಪಾಲ್ಗೊಂಡಿರುತ್ತಾನೆ" ಎಂದು ಬರೆದುಕೊಡುವ ಕೈ ನಿಮ್ಮದೇ. ಒಂದು ಸಹಿಯಿಂದ ಯಾರಿಗೇನು ನಷ್ಟ ಎನ್ನುತ್ತೀರಿ. ಸ್ಥಾನಗಳು ಎಣಿಕೆಯವು ಇರುವಲ್ಲಿ ಪ್ರತಿಯೊಂದು ಸುಳ್ಳು ಸಹಿಯೂ ಪಟ್ಟಿಯ ಕೆಳಗಿನ ಯಾವುದೋ ಒಂದು ಹೆಸರನ್ನು ಅಳಿಸುತ್ತದೆ. ನಿಮ್ಮ ತರಗತಿಯಲ್ಲೇ "ಇಲ್ಲ" ಎಂದು ಬರೆಯುವ ಮಗು ಕುಳಿತಿರಬಹುದು. ಅರ್ಜಿ ಕಳಿಸುವ ಮೊದಲು ಆ ಮಗುವಿನ ಮನೆಗೊಮ್ಮೆ ಹೋಗಿಬನ್ನಿ.

ನನ್ನ ಬಳಿ ಪತ್ರ ಕೇಳುವವರಿಗೆ ಇನ್ನು ಮುಂದೆ ಇರುವ ಏರ್ಪಾಡು ಇಷ್ಟೇ. ಮಗು ತಾನೇ ಬರಬೇಕು. ತಂದೆಯ ದೂರವಾಣಿ ಸಾಲದು. ದಿನಾಂಕ ಹಾಕಿ ಬರೆದಿಟ್ಟ ಪುಸ್ತಕವನ್ನು ಜೊತೆಗೆ ತರಬೇಕು. ಪುಸ್ತಕ ಇಲ್ಲದಿದ್ದರೆ ಮನೆಯಲ್ಲಿ ತಾನು ಬೆಳಗಿನಿಂದ ರಾತ್ರಿಯವರೆಗೆ ಮಾಡುವ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು ತರಲಿ, ಪತ್ರಕ್ಕೆ ಅದೇ ಸಾಕಾಗಬಹುದು. ಆದಿತ್ಯವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮನೆಯಲ್ಲಿರುತ್ತೇನೆ. ಕಾಫಿ ಇರುತ್ತದೆ.